‘ಮಸ್ಟ್’ ಅಂದ್ರೆ ಕಡ್ಡಾಯಾನಾ, ವಿನಂತಿನಾ? ಮುಂದಿನ ವಾರ ಶಾಲೆ, ಮಕ್ಕಳಿಗೆ ಮಾಸ್ಕ್ ಹಾಕಿಸಬೇಕಾ?

ಮುಲುಂಡ್ ಅಮ್ಮ
8 ಜೂನ್ 2022

ಎಲ್ಲರಿಗೂ ನಮಸ್ಕಾರ. ಮುಂಬೈ, ಪುಣೆ ಕಡೆಯ ಕನ್ನಡದವರು ಯಾರಾದರೂ ದಯವಿಟ್ಟು ಹೇಳಿ, ನನಗಂತೂ ತಲೆ ಕೆಟ್ಟಿದೆ.

ನನಗೆ ಇಬ್ಬರು ಮಕ್ಕಳು. ದೊಡ್ಡವನಿಗೆ 12 ತುಂಬಿದೆ, ಏಳನೇ ಕ್ಲಾಸು. ಕೊರೊನಾ ಲಸಿಕೆ ಎರಡೂ ಡೋಸ್ ಆಗಿದೆ. ಚಿಕ್ಕವಳಿಗೆ 7, ಎರಡನೇ ಕ್ಲಾಸು, ಅವಳ ವಯಸ್ಸಿನವರಿಗೆ ಲಸಿಕೆ ಇನ್ನೂ ಶುರುವಾಗಿಲ್ಲ. ಒಂದನೇ ಕ್ಲಾಸನ್ನು ಅವಳು ಮುಕ್ಕಾಲು ಪಾಲು ನನ್ನ ಮೊಬೈಲಿನಲ್ಲೇ ಮುಗಿಸಿದ್ದಾಳೆ. ಡಿಸೆಂಬರ್ 15ಕ್ಕೆ ಶಾಲೆ ತೆರೆಯಿತು, ಹೊಸ ಬೂಟು ಕಚ್ಚುವುದು ನಿಲ್ಲುವಷ್ಟರಲ್ಲಿ ಜನವರಿ ಬಂತು, ಮತ್ತೆ ಬಂದ್. 24ಕ್ಕೆ ಮತ್ತೆ ಶುರು.

ಯುಗಾದಿ ದಿನ, ಅಂದರೆ ಏಪ್ರಿಲ್ 2ರಿಂದ ಮಹಾರಾಷ್ಟ್ರದಲ್ಲಿ ಮಾಸ್ಕ್ ಕಡ್ಡಾಯ ಅಲ್ಲ ಅಂದರು. ಸರಿ, ಮನೆಯಲ್ಲಿದ್ದ ಮಾಸ್ಕೆಲ್ಲ ತೊಳೆದು ಒಂದು ಚೀಲಕ್ಕೆ ಹಾಕಿ ಮೇಲಿಟ್ಟೆ. ಈಗ ಕೇಸು ದಿನಕ್ಕೆ ಸಾವಿರ ದಾಟುತ್ತಿದ್ದ ಹಾಗೆ ಆರೋಗ್ಯ ಇಲಾಖೆಯಿಂದ ಜಿಲ್ಲೆಗಳಿಗೆ ಪತ್ರ ಹೋಯಿತಂತೆ. ರೈಲು, ಬಸ್ಸು, ಸಿನಿಮಾ, ಆಫೀಸು, ಆಸ್ಪತ್ರೆ, ಶಾಲೆ, ಕಾಲೇಜು ಇಂಥ ಮುಚ್ಚಿದ ಜಾಗಗಳಲ್ಲಿ ಮಾಸ್ಕ್ ‘ಮಸ್ಟ್’ ಅಂತ. ಶನಿವಾರ ಬೆಳಿಗ್ಗೆ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಶಾಲೆಯವರು ‘ಮಾಸ್ಕ್ ಕಡ್ಡಾಯ’ ಎಂದು ಹಾಕಿದರು. ಅದೇ ದಿನ ಆರೋಗ್ಯ ಸಚಿವ ರಾಜೇಶ್ ಟೋಪೆ, ಮಸ್ಟ್ ಅಂದರೆ ಕಡ್ಡಾಯ ಅಂತ ಅರ್ಥ ಮಾಡ್ಕೋಬೇಡಿ, ಇದು ಮನವಿ ಎಂದರು. ಶಾಲೆಯವರು ಮೆಸೇಜ್ ಡಿಲೀಟ್ ಮಾಡಿದರು. ಸೋಮವಾರ ಹೊಸ ಮೆಸೇಜು: ‘ಹಾಕಿದರೆ ಒಳ್ಳೆಯದು, ಹಾಕದಿದ್ದರೆ ಜವಾಬ್ದಾರಿ ಪೋಷಕರದ್ದು’. ಅದರ ಕೆಳಗೇ, ಶಾಲೆಯ ಚಿಹ್ನೆ ಇರುವ ಬಟ್ಟೆ ಮಾಸ್ಕ್, ಮೂರಕ್ಕೆ 240 ರೂಪಾಯಿ, ಯೂನಿಫಾರ್ಮ್ ಅಂಗಡಿಯಲ್ಲಿ ಸಿಗುತ್ತದೆ ಅಂತ.

ಇಷ್ಟು ಸಲ ಯಾಕೆ ಮಾತು ಬದಲಾಗುತ್ತದೆ? ಮಾಸ್ಕಿನಿಂದ ಉಪಯೋಗ ಇದ್ದರೆ ಯಾವಾಗಲೂ ಇರಬೇಕು, ಇಲ್ಲದಿದ್ದರೆ ಯಾವಾಗಲೂ ಇಲ್ಲ, ಅಲ್ವಾ? ಮನೆಯಲ್ಲಿ ಅತ್ತೆ ಇದ್ದಾರೆ, 74 ವರ್ಷ, ಶುಗರ್ ಇದೆ. ಚಿಕ್ಕವಳು ಅವರ ಪಕ್ಕದಲ್ಲೇ ಮಲಗೋದು. ಅದೇ ನನ್ನ ನಿಜವಾದ ಚಿಂತೆ.

—

ಫೋರ್ಟ್ ಹೋಟ್ಲು
8 ಜೂನ್ 2022

ಅಕ್ಕ, ಮಸ್ಟ್ ಅಂದ್ರೆ ಮಸ್ಟ್, ಆದ್ರೆ ಮಸ್ಟ್ ಅಲ್ಲ. ಇಷ್ಟೇ ಮಾರಾಯ್ರೆ, ನಾವು ಹೋಟೆಲಿನವರು ಎರಡು ವರ್ಷದಿಂದ ಇದೇ ವ್ಯಾಕರಣ ಓದುತ್ತಿದ್ದೇವೆ.

2020ರ ಮಾರ್ಚಿನಲ್ಲಿ ಜ್ವರ ಕೆಮ್ಮು ಇದ್ದವರು ಮಾತ್ರ ಹಾಕಿ, ಉಳಿದವರಿಗೆ ಬೇಡ ಅಂತ ಇತ್ತು. ಏಪ್ರಿಲ್ 8ಕ್ಕೆ ಮುಂಬೈ ಪಾಲಿಕೆ ಎಲ್ಲರಿಗೂ ಕಡ್ಡಾಯ ಮಾಡಿತು. ನಮ್ಮ ಧಣಿ ಹುಡುಗರ ಮೇಲಿನ ಪ್ರೀತಿಗೆ ಎಲ್ಲಿಂದಲೋ ವಾಲ್ವ್ ಇರುವ ಎನ್95 ಡಬ್ಬಗಟ್ಟಲೆ ತರಿಸಿದರು. ಜುಲೈಯಲ್ಲಿ ಕೇಂದ್ರದವರು ವಾಲ್ವ್ ಇರೋದು ಬೇಡ, ಅದರಿಂದ ಉಸಿರು ಸೋಸದೆ ಹೊರಗೆ ಹೋಗುತ್ತದೆ ಅಂದರು. ಆ ಡಬ್ಬಗಳು ಇವತ್ತಿಗೂ ನಮ್ಮ ಅಟ್ಟದ ಮೇಲೆ ಅಕ್ಕಿ ಚೀಲದ ಹಿಂದೆ ಇವೆ. ಆಮೇಲೆ ಗಿರಾಕಿ ಒಳಗೆ ಬರುವಾಗ ಮಾಸ್ಕ್, ಕೂತ ಮೇಲೆ ತೆಗೆಯಬಹುದು, ಕೈ ತೊಳೆಯಲು ಎದ್ದರೆ ಮತ್ತೆ ಹಾಕಬೇಕು! ನಾನು ಬಾಗಿಲಲ್ಲಿ ನಿಂತು ಎಷ್ಟು ಜನರ ಹತ್ತಿರ ಬೈಸಿಕೊಂಡಿದ್ದೇನೆ ಅಂತ ಲೆಕ್ಕ ಇಲ್ಲ.

ದಂಡ 200 ರೂಪಾಯಿ ಇತ್ತಲ್ಲ, ಆಗ ಕಡ್ಡಾಯ ಅನ್ನೋದಕ್ಕೆ ಒಂದು ಅರ್ಥ ಇತ್ತು. ರಸೀದಿ ಪುಸ್ತಕ ಹಿಡಿದವನು ಎದುರಿಗೆ ನಿಂತರೆ ಕಡ್ಡಾಯ, ಇಲ್ಲದಿದ್ದರೆ ವಿನಂತಿ. ಈಗ ದಂಡ ಇಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ವಿನಂತಿ.

240 ಕೊಡಬೇಡಿ, ಸುಮ್ನೆ ದುಡ್ಡು ದಂಡ.

—

ಸುಮ್ನೆ ಕೇಳ್ದೆ
8 ಜೂನ್ 2022

ಎಲ್ಲಾ ನಾಟಕ ರೀ. ಮೊದಲು ಬೇಡ ಅಂದವರು ಯಾರು? ವಿಶ್ವ ಆರೋಗ್ಯ ಸಂಸ್ಥೆ. ಆಮೇಲೆ ಬೇಕು ಅಂದವರು ಯಾರು? ಅವರೇ. ಮಾರ್ಚ್ 2020ರಲ್ಲಿ ಇದು ಗಾಳಿಯಲ್ಲಿ ಹರಡೋ ರೋಗ ಅಲ್ಲ ಅಂತ ಟ್ವೀಟ್ ಬೇರೆ ಮಾಡಿದ್ದರು. ಅವರಿಗೇ ಗೊತ್ತಿಲ್ಲ, ನಮಗೆ ಪಾಠ ಹೇಳುತ್ತಾರೆ.

ಸ್ಪೇನಿನ ಕ್ಯಾಟಲೋನಿಯಾದಲ್ಲಿ 6 ವರ್ಷದಿಂದ ಮೇಲೆ ಶಾಲೆಯಲ್ಲಿ ಮಾಸ್ಕ್ ಕಡ್ಡಾಯ, 5 ವರ್ಷದವರಿಗೆ ಇಲ್ಲ. ಎರಡನ್ನೂ ಹೋಲಿಸಿ ನೋಡಿದರು. ಮಾಸ್ಕ್ ಹಾಕಿದ 6 ವರ್ಷದವರಲ್ಲಿ ಸೋಂಕು ಕಡಿಮೆ ಏನೂ ಇರಲಿಲ್ಲ. ಹೋಗಿ ಓದಿ. ಮಕ್ಕಳನ್ನು ಮಕ್ಕಳ ಪಾಡಿಗೆ ಬಿಡಿ. ಸಂಜೆ ನೀವೇ ಅವರನ್ನು ಮಾಲ್‌ಗೆ ಕರ್ಕೊಂಡು ಹೋಗ್ತೀರಿ, ಅಲ್ಲಿ ಯಾರು ಹಾಕಿದ್ದಾರೆ?

—

ಪುಣೆ ಲ್ಯಾಬ್
9 ಜೂನ್ 2022

ನಾನು ಪುಣೆಯಲ್ಲಿ ಲ್ಯಾಬ್ ಟೆಕ್ನಿಷಿಯನ್, ಊರು ಹುಬ್ಬಳ್ಳಿ. ಡಾಕ್ಟರ್ ಅಲ್ಲ, ಅದು ಮೊದಲೇ ಹೇಳಿಬಿಡುತ್ತೇನೆ. ಆದರೆ 2020ರ ಮಾರ್ಚ್ 9ಕ್ಕೆ ಮಹಾರಾಷ್ಟ್ರದ ಮೊದಲ ಕೇಸು ಇಲ್ಲಿ ಪುಣೆಯಲ್ಲೇ ಬಂದಾಗಿನಿಂದ ಮೂಗಿಗೆ ಕಡ್ಡಿ ಹಾಕಿದ ಸ್ಯಾಂಪಲ್ ನೋಡಿದ್ದೇ ನೋಡಿದ್ದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೇಡಂ, ನಿಮ್ಮ ಒಂದು ವಾಕ್ಯಕ್ಕೆ ನನ್ನ ತಕರಾರು ಇದೆ. ‘ಉಪಯೋಗ ಇದ್ದರೆ ಯಾವಾಗಲೂ ಇರಬೇಕು’ ಅಂದಿರಿ. ಕೊಡೆಯಿಂದ ಉಪಯೋಗ ಇದೆ, ಹಾಗಂತ ಜನವರಿಯಲ್ಲಿ ಹಿಡಿದು ಓಡಾಡುತ್ತೀರಾ? ಮಳೆ ಎಷ್ಟು ಬರುತ್ತಿದೆ ಅನ್ನೋದರ ಮೇಲೆ ಹೋಗುತ್ತದೆ. ಮಾತು ಬದಲಾಗಿದ್ದಕ್ಕೆ ಇದು ಒಂದು ಕಾರಣ, ಅರ್ಥ ಆಗುವಂಥ ಕಾರಣ. ಏಪ್ರಿಲ್‌ನಲ್ಲಿ ಕೇಸು ತಳ ಹಿಡಿದಿತ್ತು, ತೆಗೆದರು. ಈಗ ಏರುತ್ತಿದೆ, ಹಾಕಿ ಅಂತಾರೆ.

ಎರಡನೇ ಕಾರಣ, ತಿಳುವಳಿಕೆಯೇ ಬದಲಾಯಿತು. ಮೊದಲು ಎಲ್ಲರ ತಲೆಯಲ್ಲಿ ಇದ್ದದ್ದು ದೊಡ್ಡ ಹನಿಯ ಲೆಕ್ಕ. ಕೆಮ್ಮಿದರೆ ಹನಿ ಹಾರುತ್ತದೆ, ಒಂದೆರಡು ಮೀಟರಿನಲ್ಲಿ ನೆಲಕ್ಕೆ ಬೀಳುತ್ತದೆ. ಅದಕ್ಕೇ ಕೆಮ್ಮು ಇದ್ದವನು ಹಾಕಲಿ, ಉಳಿದವರು ದೂರ ನಿಲ್ಲಲಿ, ಕೈ ತೊಳೆಯಲಿ. ಜೊತೆಗೆ ಆಗ ಆಸ್ಪತ್ರೆಗಳಿಗೇ ಮಾಸ್ಕ್ ಸಾಲುತ್ತಿರಲಿಲ್ಲ, ಜನ ಎಲ್ಲ ಕೊಂಡುಬಿಟ್ಟರೆ ನರ್ಸುಗಳಿಗೆ ಏನು ಗತಿ ಅನ್ನುವ ಭಯ. ಆಮೇಲೆ ಗೊತ್ತಾಯಿತು, ಲಕ್ಷಣ ಶುರುವಾಗುವ ಮೊದಲೇ ಮನುಷ್ಯ ರೋಗ ಹರಡುತ್ತಾನೆ ಅಂತ. ಹಾಗಾದರೆ ‘ಕೆಮ್ಮು ಇದ್ದವರು ಮಾತ್ರ’ ಅನ್ನುವ ಮಾತಿಗೆ ಅರ್ಥವೇ ಉಳಿಯಲಿಲ್ಲ. 2020ರ ಜೂನ್ 5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಜನಸಾಮಾನ್ಯರಿಗೂ ಬಟ್ಟೆ ಮಾಸ್ಕ್ ಹೇಳಿತು. ನಮ್ಮ ಕೇಂದ್ರ ಸರ್ಕಾರ ಅದಕ್ಕೆ ಎರಡು ತಿಂಗಳು ಮುಂಚೆ, ಏಪ್ರಿಲ್ ಮೊದಲಲ್ಲೇ, ಮನೆಯಲ್ಲಿ ಹೊಲಿದ ಮಾಸ್ಕ್ ಹಾಕಿ ಅಂದಿತ್ತು. ಇದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಇನ್ನು ಗಾಳಿಯ ವಿಷಯ. ‘ಸುಮ್ನೆ ಕೇಳ್ದೆ’ ಅವರು ಹೇಳಿದ್ದು ನಿಜ, ಆ ಟ್ವೀಟ್ ಇತ್ತು, ಅದು ತಪ್ಪಾಗಿತ್ತು. 2020ರ ಜುಲೈಯಲ್ಲಿ 239 ವಿಜ್ಞಾನಿಗಳು ಸೇರಿ ಗಾಳಿಯಲ್ಲಿ ತೇಲುವ ಸಣ್ಣ ಕಣಗಳನ್ನೂ ಲೆಕ್ಕಕ್ಕೆ ತಗೊಳ್ಳಿ ಎಂದು ಬರೆದರು. ಸಂಸ್ಥೆ ಅದನ್ನು ಸರಿಯಾಗಿ ಬಾಯಿಬಿಟ್ಟು ಹೇಳಲು 2021ರ ಏಪ್ರಿಲ್ ಬೇಕಾಯಿತು. ನನ್ನ ಸಿಟ್ಟು ಇಲ್ಲಿದೆ. ತಪ್ಪು ಮಾಡಿದ್ದಕ್ಕಲ್ಲ, ‘ಮೊದಲು ಹೀಗೆ ಅಂದಿದ್ವಿ, ಈ ಕಾರಣಕ್ಕೆ ಬದಲಾಯಿಸ್ತಿದೀವಿ’ ಅಂತ ನೇರವಾಗಿ ಹೇಳದೆ ಮೆಲ್ಲಗೆ ಪುಟ ತಿದ್ದಿದ್ದಕ್ಕೆ. ನಿಮ್ಮ ಶಾಲೆ ಮೆಸೇಜ್ ಡಿಲೀಟ್ ಮಾಡಿತಲ್ಲ, ಅದೇ ಕಥೆ ದೊಡ್ಡ ಮಟ್ಟದಲ್ಲಿ.

ಕ್ಯಾಟಲೋನಿಯಾದ್ದೂ ಸರಿ, ಆ ಅಧ್ಯಯನ ಇದೆ. ಆದರೆ 5 ವರ್ಷದವರ ಕ್ಲಾಸು, 6 ವರ್ಷದವರ ಕ್ಲಾಸು ಬೇರೆ ಬೇರೆ, ವಯಸ್ಸು ಏರಿದ ಹಾಗೆ ಸೋಂಕೂ ಏರುತ್ತಿತ್ತು ಅಂತ ಅದರಲ್ಲೇ ಇದೆ. ಇನ್ನೊಂದು ಕಡೆ ಬಾಂಗ್ಲಾದೇಶದಲ್ಲಿ 600 ಹಳ್ಳಿ, 3.4 ಲಕ್ಷ ಜನರ ಮೇಲೆ ಪ್ರಯೋಗ ಆಯಿತು. ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಲಕ್ಷಣದ ಜೊತೆಗಿನ ಸೋಂಕು ಸುಮಾರು 11% ಕಡಿಮೆ ಆಯಿತು, 60 ದಾಟಿದವರಲ್ಲಿ 35%. ಬಟ್ಟೆ ಮಾಸ್ಕಿನದ್ದು ಸ್ಪಷ್ಟವಾಗಿ ಕಾಣಲಿಲ್ಲ. ಅದೂ ದೊಡ್ಡವರ ಮೇಲೆ ಮಾಡಿದ್ದು, ಶಾಲೆ ಮಕ್ಕಳ ಮೇಲಲ್ಲ. ಅಂದರೆ ಪವಾಡವೂ ಅಲ್ಲ, ನಾಟಕವೂ ಅಲ್ಲ. ಆ 240 ರೂಪಾಯಿ ಬಟ್ಟೆ ಮಾಸ್ಕ್ ಬಗ್ಗೆ ಹೋಟ್ಲು ಅವರ ಮಾತಿಗೆ ನನ್ನದೂ ಒಂದು ಓಟು.

ಈಗ ನಿಮ್ಮ ಮಕ್ಕಳು. ಇಷ್ಟೆಲ್ಲ ಗದ್ದಲದಲ್ಲೂ ಬದಲಾಗದೆ ಉಳಿದದ್ದು ವಯಸ್ಸಿನ ಲೆಕ್ಕ. 2020ರ ಆಗಸ್ಟ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿದ್ದು, ಈ ಜನವರಿ 20ಕ್ಕೆ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದ್ದು, ಎರಡೂ ಹೆಚ್ಚುಕಮ್ಮಿ ಒಂದೇ. 5 ಮತ್ತು ಅದಕ್ಕಿಂತ ಚಿಕ್ಕವರಿಗೆ ಬೇಡ. 12 ಆದವರಿಗೆ ದೊಡ್ಡವರ ನಿಯಮವೇ. ನಡುವಿನ 6ರಿಂದ 11ರವರು, ಸರಿಯಾಗಿ ಹಾಕಿಕೊಳ್ಳಲು ಬಂದರೆ, ನೋಡಿಕೊಳ್ಳಲು ದೊಡ್ಡವರು ಇದ್ದರೆ, ಹಾಕಬಹುದು. ನಡುವಿನವರ ವಿಷಯದಲ್ಲಿ ಊರಲ್ಲಿ ರೋಗ ಎಷ್ಟಿದೆ, ಕಲಿಕೆಗೆ ತೊಂದರೆ ಆಗುತ್ತಾ, ಮನೆಯಲ್ಲಿ ವಯಸ್ಸಾದವರು ಇದ್ದಾರಾ ಅಂತಲೂ ನೋಡಿ ಅಂದಿದ್ದಾರೆ. ನಿಮ್ಮ ಅತ್ತೆಯವರ ವಿಷಯ ಅಲ್ಲೇ ಬರುತ್ತದೆ ನೋಡಿ. ಅವರಿಗೆ ಬೂಸ್ಟರ್ ಆಗಿದೆಯಾ? ಮಗಳ ಮಾಸ್ಕಿಗಿಂತ ನಾನು ಮೊದಲು ಅದನ್ನು ಕೇಳುತ್ತಿದ್ದೆ.

—

ಕನ್ನಡ ಟೀಚರ್ ಮುಂಬೈ
9 ಜೂನ್ 2022

ಲ್ಯಾಬ್ ಸರ್ ಚೆನ್ನಾಗಿ ಹೇಳಿದರು. ನಾನು ಕ್ಲಾಸಿನ ಒಳಗಿನದನ್ನು ಹೇಳುತ್ತೇನೆ, ಯಾಕೆಂದರೆ ಸುತ್ತೋಲೆ ಬರೆಯುವವರು ಯಾರೂ ಮೂರನೇ ಕ್ಲಾಸಿನಲ್ಲಿ ನಲವತ್ತು ನಿಮಿಷ ನಿಂತವರಲ್ಲ. (ಇಲ್ಲಿ ಸುತ್ತೋಲೆ ಅಂದರೆ ಯಾರಿಗೂ ಗೊತ್ತಾಗಲ್ಲ, ಪರಿಪತ್ರಕ ಅನ್ನಬೇಕು.)

ನಮ್ಮದು ಕನ್ನಡ ಮಾಧ್ಯಮ. ಮಕ್ಕಳಲ್ಲಿ ಅರ್ಧ ಜನ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಕೆಲವರ ಮನೆಮಾತು ತುಳು, ಕೆಲವರು ಮನೆಯಲ್ಲೂ ಹಿಂದಿಯೇ. ಡಿಸೆಂಬರಿನಲ್ಲಿ ಬಂದಾಗ ಎಲ್ಲರ ಮುಖದ ಮೇಲೂ ಮಾಸ್ಕ್, ನನ್ನ ಮುಖದ ಮೇಲೂ. ಎರಡನೇ ವಾರ ಉಕ್ತಲೇಖನ ಕೊಟ್ಟೆ. ‘ನಮ್ಮ ಹಳ್ಳಿ ದೊಡ್ಡದು’ ಅಂದೆ. 26 ಮಕ್ಕಳಲ್ಲಿ 15 ಮಕ್ಕಳು ‘ನಮ್ಮ ಹಲ್ಲಿ ದೊಡ್ಡದು’ ಎಂದು ಬರೆದಿದ್ದರು! ನಗು ಬಂತು, ಆಮೇಲೆ ಹೊಳೆಯಿತು. ‘ಳ’ ಹೇಳಿಕೊಡುವಾಗ ನಾನು ಬಾಯಿ ತೆರೆದು ನಾಲಿಗೆ ಹಿಂದಕ್ಕೆ ಮಡಚಿ ತೋರಿಸುತ್ತೇನೆ. ಮಕ್ಕಳು ನನ್ನ ನಾಲಿಗೆ ನೋಡಿ ಕಲಿಯೋದು. ಬಟ್ಟೆಯ ಹಿಂದೆ ಏನು ಕಾಣುತ್ತೆ? ‘ಪ’ ಮತ್ತು ‘ಫ’ ಕೂಡ ಹಾಗೇ. ಕೊನೆಗೆ ನಾನು ಕಿಟಕಿ ಪಕ್ಕ ಹೋಗಿ, ಮಕ್ಕಳಿಂದ ದೂರ ನಿಂತು, ಮಾಸ್ಕ್ ಕೆಳಗಿಳಿಸಿ ಹೇಳಿ, ಮತ್ತೆ ಹಾಕಿಕೊಂಡು ಬರುತ್ತಿದ್ದೆ. ನಿಯಮದ ಪ್ರಕಾರ ತಪ್ಪು. ಆದರೆ ಹಲ್ಲಿಯನ್ನು ಹಳ್ಳಿಗೆ ಕಳಿಸಬೇಕಿತ್ತಲ್ಲ.

ಇನ್ನು ಮಾಸ್ಕ್ ಎಷ್ಟು ಹೊತ್ತು ಮುಖದ ಮೇಲಿರುತ್ತೆ ಅಂತೀರಿ? ಮೊದಲ ಪಿರಿಯಡ್ ಚೆನ್ನಾಗಿ. ಎರಡನೆಯದಕ್ಕೆ ಮೂಗಿನ ಕೆಳಗೆ. ಡಬ್ಬಾ ಬಿಡುವಿನಲ್ಲಿ ಎಲ್ಲರದ್ದೂ ಬೆಂಚಿನ ಮೇಲೆ, ಮೂವತ್ತು ಮಕ್ಕಳು ಒಂದೇ ಕೋಣೆಯಲ್ಲಿ ಬಾಯಿ ತುಂಬ ಅನ್ನ ಇಟ್ಟುಕೊಂಡು ಕಿರುಚುತ್ತಿರುತ್ತಾರೆ. ಒಬ್ಬ ಹುಡುಗ ತನ್ನ ಸ್ಪೈಡರ್‌ಮ್ಯಾನ್ ಮಾಸ್ಕ್ ಕೊಟ್ಟು ಪಕ್ಕದವನಿಂದ ಚಿಕ್ಕಿ ತಗೊಂಡಿದ್ದ, ಪಕ್ಕದವನು ಅದನ್ನೇ ಹಾಕಿಕೊಂಡು ಮನೆಗೆ ಹೋದ. ಇದೆಲ್ಲ ನೋಡಿದ ಮೇಲೆ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಕಿಟಕಿಗೆ. ನಮ್ಮ ಕೋಣೆಯಲ್ಲಿ ನಾಲ್ಕು ಕಿಟಕಿ, ಎರಡಕ್ಕೆ ಎಷ್ಟೋ ವರ್ಷದಿಂದ ಮೊಳೆ ಹೊಡೆದಿತ್ತು. ಪ್ಯೂನ್ ಕಾಕಾಗೆ ಹೇಳಿ ತೆಗೆಸಿದೆ. ಇಡೀ ಎರಡು ವರ್ಷದಲ್ಲಿ ನನ್ನ ಸ್ವಂತ ಸಾಧನೆ ಅಂದರೆ ಅದೇ.

ಅಮ್ಮ, ನಿಮಗೆ ಹೇಳೋದಾದರೆ, ದೊಡ್ಡವನಿಗೆ ಹಾಕಿಸಿ, ಅವನಿಗೆ ಅರ್ಥ ಆಗುತ್ತೆ. ಚಿಕ್ಕವಳಿಗೆ ವ್ಯಾನಿನಲ್ಲಿ ಹಾಕಿಸಿ, ಯಾಕೆಂದರೆ ಸ್ಕೂಲ್ ವ್ಯಾನ್ ಅಂದರೆ ಒಂಬತ್ತು ಮಕ್ಕಳ ಜಾಗದಲ್ಲಿ ಹದಿನಾಲ್ಕು, ಮಳೆಗೆ ಗಾಜು ಬೇರೆ ಏರಿಸಿರುತ್ತಾರೆ. ಕ್ಲಾಸಿನಲ್ಲಿ ಅವಳ ಟೀಚರ್ ಹೇಳಿದ ಹಾಗೆ ಮಾಡಲಿ. ಮಳೆಗಾಲ ಅಲ್ವಾ, ಒದ್ದೆಯಾದ ಮಾಸ್ಕ್ ಹಾಕಿಕೊಂಡೇ ಕೂರುತ್ತಾರೆ, ಉಸಿರಾಡಲೂ ಕಷ್ಟ, ಅದರಿಂದ ಉಪಯೋಗವೂ ಇಲ್ಲ. ಒಂದು ಕಾಗದದ ಕವರಿನಲ್ಲಿ ಇನ್ನೊಂದು ಒಣ ಮಾಸ್ಕ್ ಇಡಿ. ಜ್ವರ, ಶೀತ ಇದ್ದ ದಿನ ಮಾತ್ರ ಕಳಿಸಲೇಬೇಡಿ, ಇದೊಂದು ಎಲ್ಲ ಟೀಚರ್‌ಗಳ ಪರವಾಗಿ ಕೈ ಮುಗಿದು ಕೇಳ್ತೀನಿ.

—

ಸುಮ್ನೆ ಕೇಳ್ದೆ
9 ಜೂನ್ 2022

ಟೀಚರ್, ನೀವು ಹೇಳಿದ್ದೆಲ್ಲ ನನ್ನ ಪರವಾಗಿಯೇ ಇದೆಯಲ್ಲ!

—

ಕನ್ನಡ ಟೀಚರ್ ಮುಂಬೈ
9 ಜೂನ್ 2022

ಅರ್ಧ ನಿಮ್ಮ ಪರ ಸರ್. ನಾಟಕ ಅಂದಿರಲ್ಲ, ಅದಕ್ಕೆ ಒಪ್ಪಲ್ಲ. 2021ರ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮಕ್ಕಳಲ್ಲಿ ಇಬ್ಬರು ಅಪ್ಪನನ್ನು ಕಳೆದುಕೊಂಡರು.

—

ಮುಲುಂಡ್ ಅಮ್ಮ
10 ಜೂನ್ 2022

ಎಲ್ಲರಿಗೂ ಥ್ಯಾಂಕ್ಸ್. ಲ್ಯಾಬ್ ಸರ್, ನಿಮ್ಮ ಪ್ರಶ್ನೆಗೆ ಉತ್ತರ ಕೊಡಲು ನಾಚಿಕೆ ಆಗುತ್ತಿದೆ. ಅತ್ತೆಗೆ ಬೂಸ್ಟರ್ ಆಗಿಲ್ಲ. ಕೇಳಿದಾಗಲೆಲ್ಲ ‘ಎರಡು ಸಾಕು, ಕೈ ನೋಯುತ್ತೆ’ ಅನ್ನುತ್ತಿದ್ದರು, ನಾವೂ ಬಿಟ್ಟೆವು. ಮಕ್ಕಳ ಮಾಸ್ಕಿಗೆ ಎರಡು ದಿನ ತಲೆ ಕೆಡಿಸಿಕೊಂಡೆ, ಇದು ಎದುರಿಗೇ ಇತ್ತು. ನಾಳೆ ಶನಿವಾರ, ಇವರ ಜೊತೆ ಕಳಿಸುತ್ತೇನೆ.

ವ್ಯಾನ್ ಕಾಕಾಗೂ ಫೋನ್ ಮಾಡಿದೆ. ಎಷ್ಟು ಮಕ್ಕಳು ಅಂದರೆ ‘ಆಠ್-ದಹಾ’ ಅಂದರು. ಎಂಟಾ ಹತ್ತಾ ಅಂದರೆ ನಕ್ಕರು.

—

ಫೋರ್ಟ್ ಹೋಟ್ಲು
10 ಜೂನ್ 2022

ಹನ್ನೆರಡು ಅಂತ ಲೆಕ್ಕ ಹಾಕಿ ಅಕ್ಕ.

—

ಪುಣೆ ಲ್ಯಾಬ್
27 ಡಿಸೆಂಬರ್ 2022

ಹಳೇ ಎಳೆ ಎಳೆಯುತ್ತಿದ್ದೇನೆ, ಕ್ಷಮಿಸಿ. ಚೀನಾದಲ್ಲಿ ಕೇಸು ಏರಿದ ಸುದ್ದಿ ನೋಡಿ ಕರ್ನಾಟಕದಲ್ಲಿ ನಿನ್ನೆ ಶಾಲೆ, ಕಾಲೇಜು, ಸಿನಿಮಾ ಮಂದಿರಗಳಲ್ಲಿ ಮತ್ತೆ ಮಾಸ್ಕ್ ಕಡ್ಡಾಯ ಅಂದಿದ್ದಾರೆ. ಇಲ್ಲಿ ಹಾಗೇನೂ ಇಲ್ಲ. ಹುಬ್ಬಳ್ಳಿಯಲ್ಲಿ ಅಣ್ಣನ ಮಗನಿಗೆ ಬೇಕು, ಪುಣೆಯಲ್ಲಿ ನನ್ನ ಮಗನಿಗೆ ಬೇಡ. ಸಾಂಗ್ಲಿ ದಾಟಿದ ಮೇಲೆ ವೈರಸ್ ಬದಲಾಗುತ್ತೆ ಅಂತ ಕಾಣುತ್ತೆ.

ಇನ್ನೊಂದು ವಿಷಯ, ಆವತ್ತು ಶಾಲೆ ಮಕ್ಕಳ ಮೇಲಿನ ಪ್ರಯೋಗ ಅಲ್ಲ ಅಂದಿದ್ದೆ. ಪ್ರಯೋಗ ಅಂತ ಅಲ್ಲ, ಆದರೆ ಕಳೆದ ತಿಂಗಳು ನ್ಯೂ ಇಂಗ್ಲೆಂಡ್ ಜರ್ನಲ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ಬಾಸ್ಟನ್ ಸುತ್ತಿನ 72 ಶಾಲಾ ಜಿಲ್ಲೆಗಳ (ಅಂದರೆ ಒಂದೇ ಆಡಳಿತದ ಶಾಲೆಗಳ ಗುಂಪು) ಲೆಕ್ಕ ಬಂದಿದೆ. ಫೆಬ್ರುವರಿ ಕೊನೆಗೆ ಅಲ್ಲಿನ ರಾಜ್ಯ ಕಡ್ಡಾಯ ತೆಗೆದ ಮೇಲೆ ಹೆಚ್ಚಿನವರು ಮಾಸ್ಕ್ ಬಿಟ್ಟರು, ಎರಡು ಜಿಲ್ಲೆಯವರು ಮುಂದುವರಿಸಿದರು. 15 ವಾರದಲ್ಲಿ ಬಿಟ್ಟ ಕಡೆ ಸಾವಿರ ಮಕ್ಕಳು, ಸಿಬ್ಬಂದಿಗೆ ಸುಮಾರು 45 ಕೇಸು ಜಾಸ್ತಿ. ‘ಸುಮ್ನೆ ಕೇಳ್ದೆ’ ಅವರೇ, ಓದಿ ಬೈಯಿರಿ.

—

ಸುಮ್ನೆ ಕೇಳ್ದೆ
27 ಡಿಸೆಂಬರ್ 2022

ಓದುತ್ತೇನೆ. ಬಿಟ್ಟ ಕಡೆಯವರು ಟೆಸ್ಟ್ ಜಾಸ್ತಿ ಮಾಡಿಸಿದರಾ ಅಂತ ಮೊದಲು ನೋಡ್ತೀನಿ. ಬೈಯೋದು ಆಮೇಲೆ.

—

ಮುಲುಂಡ್ ಅಮ್ಮ
28 ಡಿಸೆಂಬರ್ 2022

ಅಯ್ಯೋ, ಇದಿನ್ನೂ ಜೀವಂತ ಇದೆಯಾ. ನಾವು ರಜೆಗೆ ಉಡುಪಿಗೆ ಬಂದಿದ್ದೇವೆ. ಇಲ್ಲಿ ನಾದಿನಿಯ ಮಗ ಬ್ಯಾಗಿಗೆ ಮಾಸ್ಕ್ ಹಾಕುತ್ತಿದ್ದಾನೆ, ನನ್ನ ಚಿಕ್ಕವಳು ಅವನನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದಾಳೆ. ಅವಳದ್ದು ಜುಲೈ ಕೊನೆಯವರೆಗೆ ವ್ಯಾನಿನಲ್ಲಿ ನಡೆಯಿತು, ಆಮೇಲೆ ವ್ಯಾನಿನಲ್ಲಿ ಬೇರೆ ಯಾರೂ ಹಾಕುತ್ತಿರಲಿಲ್ಲ ಅಂತ ನಿಂತುಹೋಯಿತು. ಆ ಕಾಗದದ ಕವರ್ ಮೊನ್ನೆ ಬ್ಯಾಗಿನ ತಳದಲ್ಲಿ ಸಿಕ್ಕಿತು. ಒಳಗೆ ಮಾಸ್ಕ್ ಇರಲಿಲ್ಲ, ಪೆನ್ಸಿಲ್ ಚೂರುಗಳಿದ್ದವು.

ಅತ್ತೆಗೆ ಬೂಸ್ಟರ್ ಆವತ್ತೇ ಆಯಿತು. ಕೈ ನೋವು ಅಂತ ಎರಡು ದಿನ ನನಗೆ ಬೈದರು. ಟೀಚರ್, ಇವಳಿಗೆ ‘ಳ’ ಈಗಲೂ ಸರಿಯಾಗಿ ಬರುತ್ತಿಲ್ಲ, ಉಡುಪಿಯಲ್ಲಿ ಎಲ್ಲರೂ ನಗುತ್ತಾರೆ. ಜನವರಿಯಲ್ಲಿ ಬಂದ ಮೇಲೆ ನಿಮಗೆ ಒಂದು ಫೋನ್ ಮಾಡಬಹುದಾ?